ವಿಜ್ಞಾನ–ಗಣಿತ ಬೋಧನೆ: ಚಳ್ಳಕೆರೆ ಸೀಮೆ

ಶಾಲೆಯ ವಿಜ್ಞಾನ ಮತ್ತು ಗಣಿತ ಪಾಠಗಳನ್ನು ಸಂಶೋಧನೆಯ ನೆರವಿನಿಂದ ತಿದ್ದಿಕೊಳ್ಳುವ ಪ್ರಯತ್ನಕ್ಕೆ ಚಿತ್ರದುರ್ಗ ಜಿಲ್ಲೆಯಲ್ಲಿ ಒಂದು ನೆಲೆಯಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೇ ಅದು. ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳ ಶಿಕ್ಷಕರಿಗೆ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ, ಗಣಿತಗಳಲ್ಲಿ ವಸತಿಸಹಿತ ತರಬೇತಿ ನೀಡುತ್ತದೆ. ಶಿಕ್ಷಕರೇ ಪ್ರಯೋಗಾಲಯದಲ್ಲಿ ಕೈಯಾರೆ ಮಾಡಿ ನೋಡುವುದಕ್ಕೆ ಇಲ್ಲಿ ಹೆಚ್ಚು ಒತ್ತು.

ಮಕ್ಕಳ ತಪ್ಪು ಉತ್ತರಗಳ ಹಿಂದೆಯೂ ತರ್ಕವಿರುತ್ತದೆ ಎಂಬುದು ವಿಜ್ಞಾನ–ಗಣಿತ ಕಲಿಕೆಯ ಸಂಶೋಧನೆಯ ಮುಖ್ಯ ತಿಳಿವಳಿಕೆ. 35 ದೊಡ್ಡದು, 8 ಚಿಕ್ಕದು, ಹಾಗಾಗಿ 0.8ಕ್ಕಿಂತ 0.35 ದೊಡ್ಡದೆಂದು ಹಲವು ಮಕ್ಕಳು ಹೇಳುತ್ತಾರೆ. ವಿದ್ಯುತ್ ಪ್ರವಾಹ ಬಲ್ಬಿನಲ್ಲಿ ಸ್ವಲ್ಪ ಖರ್ಚಾಗುತ್ತದೆಂಬ ನಂಬಿಕೆಯೂ ಅಷ್ಟೇ ಗಟ್ಟಿ. ಬಲ್ಬಿನ ಎರಡೂ ಬದಿಗೆ ಒಂದೊಂದು ಅಮ್ಮೀಟರ್ ಜೋಡಿಸಿ, ಮುಳ್ಳು ಎಲ್ಲಿ ನಿಲ್ಲುತ್ತದೆಂದು ಮೊದಲು ಮಕ್ಕಳಿಂದಲೇ ಹೇಳಿಸಬೇಕು, ಸ್ವಿಚ್ ಆಮೇಲೆ. ಎರಡೂ ಒಂದೇ ಅಳತೆ ತೋರಿಸಿದಾಗ ಹುಟ್ಟುವ ವಾದವೇ ನಿಜವಾದ ಪಾಠ. ಅದಕ್ಕೆ ನಲವತ್ತು ನಿಮಿಷದ ಪೀರಿಯಡ್ ಸಾಲದು, ಆ ಮಾತು ಬೇರೆ.

ಸಂಶೋಧನೆಯ ನೆರವಿನಿಂದ ಪಾಠ ತಿದ್ದಿಕೊಳ್ಳುವ ದಾರಿ ದೇಶದಲ್ಲಿ ಹೊಸದಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರದು, ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 1974ರದು. ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ 1972ರಲ್ಲಿ ಹಳ್ಳಿಶಾಲೆಗಳಲ್ಲಿ ಶುರುವಾಗಿ 2002ರಲ್ಲಿ ನಿಂತಿತು.

ಗುರು–ಶಿಷ್ಯರ ಮಾತು ಚಳ್ಳಕೆರೆ ಸೀಮೆಗೂ ಹಳೆಯದು. ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳು ಅಶೋಕನ ಶಾಸನಗಳಿಂದ ಪ್ರಸಿದ್ಧ. ಶಿಷ್ಯ ಗುರುವನ್ನು ಗೌರವಿಸಬೇಕೆಂಬ ಮಾತು ಬ್ರಹ್ಮಗಿರಿಯ ಶಾಸನದಲ್ಲಿದೆ. ಗುರು ಹೇಗೆ ಕಲಿಸಬೇಕೆಂಬುದು ಅದರಲ್ಲಿಲ್ಲ.