ಪಿಕಪ್ ಪೇಟೆಗೆ ಬಂದ ಹೊಸಬ

ಗಲ್ಫ್‌ನಲ್ಲಿ ದುಡಿಯುವ ನಮಗೆ ಪಿಕಪ್ ಗಾಡಿಯನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ತರಕಾರಿ ಮಾರುಕಟ್ಟೆಯಿಂದ ಹಿಡಿದು ಕಟ್ಟಡದ ಸೈಟಿನವರೆಗೆ, ಏಸಿ ರಿಪೇರಿಯವರಿಂದ ಹಿಡಿದು ನೀರಿನ ಕ್ಯಾನ್ ಹಾಕುವವರವರೆಗೆ ಎಷ್ಟೋ ಜನರ ಅನ್ನ ಅದರ ಮೇಲೆಯೇ ನಿಂತಿದೆ. ಇಲ್ಲಿ ಟೊಯೋಟಾ ಹೈಲಕ್ಸ್ ಎಂದರೆ ಮನೆಮಾತು. ಅದೇ ಟೊಯೋಟಾ ಅಮೆರಿಕದ ದೊಡ್ಡ ಪಿಕಪ್ ಪೇಟೆಗೆ ಹೊಸಬನಾಗಿ ಹೋಗಿ ಬೆವರಿಳಿಸಿದ ಕಥೆ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ನಾಲ್ಕು ಕಾಸು ಕೂಡಿಟ್ಟು ಊರಿಗೆ ಮರಳಿ ಏನಾದರೂ ಶುರು ಮಾಡಬೇಕೆಂದು ಲೆಕ್ಕ ಹಾಕುತ್ತಿರುವ ನಮ್ಮಂಥವರು ಆ ಕಥೆಯನ್ನು ಒಮ್ಮೆ ಕೇಳಬೇಕು.

ಕಥೆಯ ಬೇರು ಇರುವುದು ಕೋಳಿಯಲ್ಲಿ. 1960ರ ದಶಕದ ಆರಂಭದಲ್ಲಿ ಯುರೋಪಿನ ದೇಶಗಳು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಏರಿಸಿದವು. ಅದಕ್ಕೆ ಉತ್ತರವಾಗಿ 1964ರಿಂದ ಅಮೆರಿಕ ಹೊರದೇಶದ ಲಘು ಟ್ರಕ್ಕುಗಳ ಮೇಲೆ ಶೇ. 25 ಸುಂಕ ಹಾಕಿತು. ಏಟು ಇಟ್ಟದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಡಿಗೆ, ಮುಂದೆ ಬಿದ್ದದ್ದು ಜಪಾನಿನವರ ಬೆನ್ನಿಗೆ. ಅವರು ಹಿಂದಿನ ಬಾಡಿ ಕೂರಿಸದೆ ಬರೀ ಚಾಸಿ ಮತ್ತು ಕ್ಯಾಬಿನ್ ತಂದು, ಕಡಿಮೆ ಸುಂಕ ಕಟ್ಟಿ, ಅಲ್ಲಿ ಬಾಡಿ ಜೋಡಿಸಿ ಮಾರಿದರು. 1980ರಲ್ಲಿ ಆ ಕಿಂಡಿಯೂ ಮುಚ್ಚಿತು. ಕೋಳಿಯ ಜಗಳ ಜನರಿಗೆ ಮರೆತುಹೋಯಿತು, ಸುಂಕ ಮಾತ್ರ ಉಳಿಯಿತು. ಅದರ ಮರೆಯಲ್ಲಿ ಫೋರ್ಡ್, ಷೆವರ್ಲೆ, ಡಾಡ್ಜ್ ಕಂಪನಿಗಳ ದೊಡ್ಡ ಪಿಕಪ್‌ಗಳು ನಿಶ್ಚಿಂತೆಯಿಂದ ಬೆಳೆದವು. ಫೋರ್ಡ್‌ನ ಎಫ್-ಸೀರೀಸ್ ಶುರುವಾದದ್ದು 1948ರಲ್ಲಿ. 1977ರಿಂದ ಅಲ್ಲಿನ ಪಿಕಪ್‌ಗಳಲ್ಲಿ ಮಾರಾಟದ ಮೊದಲ ಸ್ಥಾನ ಅದರದ್ದೇ.

ಟೊಯೋಟಾ ಈ ಪೇಟೆಗೆ ಮೊದಲು ಇಳಿಸಿದ್ದು ಟಿ-100 ಎಂಬ ಗಾಡಿಯನ್ನು, 1992ರ ಕೊನೆಗೆ. ಅದು ಜಪಾನಿನಲ್ಲಿ ತಯಾರಾಗಿ ಬರುತ್ತಿತ್ತು, ಪೂರ್ತಿ ಸುಂಕ ಕಟ್ಟಬೇಕಿತ್ತು. ಗಾಡಿ ಗಟ್ಟಿಯೇ. ಆದರೆ ಎಂಟು ಸಿಲಿಂಡರ್ ಎಂಜಿನ್ ಇರಲಿಲ್ಲ. ಮೊದಲಲ್ಲಿ ಹಿಂದೆ ಜಾಗವಿರುವ ಉದ್ದ ಕ್ಯಾಬಿನ್ನೂ ಇರಲಿಲ್ಲ. ದೋಣಿ, ಕುದುರೆ ಟ್ರೇಲರ್ ಎಳೆಯುವ ರೈತನಿಗೆ, ಕಂಟ್ರಾಕ್ಟರನಿಗೆ ಅದು ಅತ್ತ ದೊಡ್ಡದೂ ಅಲ್ಲ, ಇತ್ತ ಚಿಕ್ಕದೂ ಅಲ್ಲ ಎನಿಸಿತು.

ಔಷಧಿ ಕೌಂಟರಿನ ಹಿಂದೆ ನಿಲ್ಲುವ ನಮಗೆ ಇದು ಹೊಸದಲ್ಲ. ಎರಡು ಕಂಪನಿಯ ಮಾತ್ರೆಗಳಲ್ಲಿ ಮದ್ದು ಒಂದೇ, ಪ್ರಮಾಣವೂ ಒಂದೇ ಎಂದು ನಾವು ಹೇಳಿದರೂ ವರ್ಷಗಳಿಂದ ನುಂಗಿದ ಪಟ್ಟಿಯ ಬಣ್ಣವನ್ನೇ ರೋಗಿ ಕೇಳುತ್ತಾರೆ. ಅದು ಹಠವಲ್ಲ, ಅಭ್ಯಾಸ ಕಟ್ಟಿದ ನಂಬಿಕೆ. ದುಡಿಯುವ ಗಾಡಿಯ ವಿಷಯದಲ್ಲಿ ಆ ನಂಬಿಕೆ ಇನ್ನೂ ಗಟ್ಟಿ, ಯಾಕೆಂದರೆ ಗಾಡಿ ಒಂದು ದಿನ ನಿಂತರೆ ಅಂದಿನ ಕೂಲಿಯೇ ಹೋಯಿತು.

ಟೊಯೋಟಾ ಪಾಠ ಕಲಿಯಿತು. 1999ರಲ್ಲಿ ಇಂಡಿಯಾನಾ ರಾಜ್ಯದ ಪ್ರಿನ್ಸ್‌ಟನ್‌ನಲ್ಲಿ ಕಾರ್ಖಾನೆ ತೆರೆದು, 4.7 ಲೀಟರ್‌ನ ಎಂಟು ಸಿಲಿಂಡರ್ ಎಂಜಿನ್ ಇಟ್ಟು ಟುಂಡ್ರಾ ಹೊರತಂದಿತು. ಮೊದಲು ಇಡಲಿದ್ದ ಹೆಸರು ಟಿ-150. ತನ್ನ ಎಫ್-150ಕ್ಕೆ ತೀರ ಹತ್ತಿರವೆಂದು ಫೋರ್ಡ್ ತಕರಾರು ಎತ್ತಿದ್ದರಿಂದ ಹೆಸರು ಬದಲಾಯಿತು. 2003ರಲ್ಲಿ ನಿಸ್ಸಾನ್ ಕೂಡ ಟೈಟನ್ ಹಿಡಿದು ಬಂತು. 2006ರಲ್ಲಿ ಟೊಯೋಟಾ ಪಿಕಪ್‌ಗಳ ತವರಾದ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ವರ್ಷಕ್ಕೆ 2 ಲಕ್ಷ ಗಾಡಿಗಳ ಕಾರ್ಖಾನೆ ಆರಂಭಿಸಿತು. 2007ರಲ್ಲಿ ಟುಂಡ್ರಾ ಸುಮಾರು 1 ಲಕ್ಷ 96 ಸಾವಿರ ಮಾರಾಟವಾಯಿತು. ಅದೇ ವರ್ಷ ಎಫ್-ಸೀರೀಸ್ ಸುಮಾರು 6 ಲಕ್ಷ 90 ಸಾವಿರ! ಮರುವರ್ಷವೇ ಪೆಟ್ರೋಲ್ ಬೆಲೆ ಏರಿ, ಆರ್ಥಿಕ ಕುಸಿತ ಬಂದು, ಆ ಹೊಸ ಕಾರ್ಖಾನೆಯಲ್ಲಿ ಮೂರು ತಿಂಗಳು ಗಾಡಿ ತಯಾರಿಕೆ ನಿಂತಿತು. ಟೈಟನ್ 2024ರ ಮಾದರಿಯೊಂದಿಗೆ ಕೊನೆಗೊಂಡಿತು. ಟುಂಡ್ರಾ ಉಳಿಯಿತು. ತಮಾಷೆ ಏನೆಂದರೆ, 2021ರಲ್ಲಿ ಬಂದ ಹೊಸ ಟುಂಡ್ರಾದಲ್ಲಿ ಎಂಟು ಸಿಲಿಂಡರ್ ಎಂಜಿನ್ನೇ ಇಲ್ಲ. ಹೊಸಬನಾಗಿದ್ದಾಗ ಯಾವುದಿಲ್ಲವೆಂದು ಸೋತನೋ, ಹೆಸರು ಗಳಿಸಿದ ಮೇಲೆ ಅದನ್ನೇ ಕೈಬಿಡುವ ಧೈರ್ಯ ಬಂತು.

ಕಾರು ಮಾಡಲು ಬಂದವನಿಗೆ ಪಿಕಪ್ ತಾನಾಗಿ ಒಲಿಯುವುದಿಲ್ಲ. ಮಲೇಷ್ಯಾದ ಮೆಲಾಕಾ ರಾಜ್ಯದ ಪೆಗೋದಲ್ಲಿ 2003ರಿಂದ ಹೊಂಡಾ ಕಾರ್ಖಾನೆಯಿದೆ. ಕಾರುಗಳಲ್ಲಿ ಅಲ್ಲಿ ಹೊಂಡಾಕ್ಕೆ ಒಳ್ಳೆಯ ಹೆಸರು. ಆದರೂ ಹೈಲಕ್ಸ್ ಬೇರೂರಿದ ಅಲ್ಲಿನ ಪಿಕಪ್ ಪೇಟೆಗೆ ಅದು ಇಳಿದಿಲ್ಲ. ಎಲ್ಲಿ ಇಳಿಯಬಾರದು ಎಂದು ತಿಳಿಯುವುದೂ ವ್ಯಾಪಾರವೇ.

ನಮ್ಮ ಕರ್ನಾಟಕದಲ್ಲಿ ಹೈಲಕ್ಸ್‌ನದೇ ಪಾತ್ರ ಅದಲುಬದಲು. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಬೆಂಗಳೂರಿನ ಪಕ್ಕದ ಬಿಡದಿಯಲ್ಲಿ ಕ್ವಾಲಿಸ್‌ನಿಂದ ಆರಂಭಿಸಿ, 2022ರಲ್ಲಿ ಹೈಲಕ್ಸ್ ಬಿಡುಗಡೆ ಮಾಡಿತು. ಆರಂಭದ ಬೆಲೆ 33.99 ಲಕ್ಷ ರೂಪಾಯಿ. ಇಲ್ಲಿ ಕೂಲಿಯ ಗಾಡಿಯಾದದ್ದು ಅಲ್ಲಿ ಶೋಕಿಯ ಗಾಡಿ. 2023ರಲ್ಲಿ ಕಂಪನಿ ಆರಂಭದ ಬೆಲೆಯನ್ನು 30.40 ಲಕ್ಷಕ್ಕೆ ಇಳಿಸಬೇಕಾಯಿತು. ನಮ್ಮೂರ ಟೊಮೆಟೊ, ಅಡಿಕೆ, ಸಿಮೆಂಟು ಸಾಗಿಸುವುದು ಬೊಲೆರೊ ಪಿಕಪ್ ಮತ್ತು 2005ರಲ್ಲಿ ಬಂದ ಟಾಟಾ ಏಸ್. ಏಸ್ ಕೂಡ ಹೊಸಬನೇ. ಆದರೆ ಅದು ಗೂಡ್ಸ್ ಆಟೋದವನ ಕಷ್ಟ ನೋಡಿ, ಅವನ ಜೇಬು ಅಳೆದು, ಅವನ ಓಣಿಗೆ ಹಿಡಿಸುವಂತೆ ತಯಾರಾಯಿತು. ಅದಕ್ಕೇ ನೆಲೆ ನಿಂತಿತು.

ಊರಿಗೆ ಮರಳಿ ಅಂಗಡಿಯನ್ನೋ ಬಾಡಿಗೆ ಗಾಡಿಯನ್ನೋ ಇಡಬೇಕೆಂದಿರುವ ನಾವೆಲ್ಲ ಹೊಸಬರೇ. ಗಲ್ಫ್‌ನಲ್ಲಿ ಗಳಿಸಿದ ಹೆಸರು ಊರಿನ ಗಿರಾಕಿಗೆ ಗೊತ್ತಿರುವುದಿಲ್ಲ. ಟೊಯೋಟಾದಂಥ ಕಂಪನಿಗೆ ಮೊದಲ ಏಟು ತಡೆದು ಎರಡನೆಯ ಗಾಡಿ ತರುವಷ್ಟು ಗಂಟಿತ್ತು. ನಮ್ಮ ಗಂಟು ಒಂದೇ. ಆದ್ದರಿಂದ ಅದನ್ನು ಬಿಚ್ಚುವ ಮೊದಲು ರಜೆಗೆ ಹೋದಾಗ ಸಂತೆ, ಮಂಡಿ, ಗ್ಯಾರೇಜು ಸುತ್ತೋಣ. ಅಲ್ಲಿನ ಜನ ಏನು ಹೇರುತ್ತಾರೆ, ಎಷ್ಟು ಹೇರುತ್ತಾರೆ, ಕೆಟ್ಟರೆ ಯಾರ ಬಳಿ ಹೋಗುತ್ತಾರೆ ಎಂದು ಕೇಳಿ ತಿಳಿಯೋಣ. ನಮಗೆ ಇಷ್ಟವಾದದ್ದನ್ನಲ್ಲ, ಅವರಿಗೆ ಬೇಕಾದದ್ದನ್ನು ಇಡೋಣ.