ಪಿತ್ತಕೋಶದ ಕಲ್ಲು: ಆಹಾರ ಮತ್ತು ಜೀವನಕ್ರಮ

ಪಿತ್ತರಸದಲ್ಲಿ ಕರಗಿರಬೇಕಾದ ಪದಾರ್ಥಗಳು ಪಿತ್ತಕೋಶದೊಳಗೆ ಹರಳುಗಟ್ಟಿ ಗಟ್ಟಿಯಾಗುವುದರಿಂದ ಉಂಟಾಗುವುದೇ ಪಿತ್ತಕೋಶದ ಕಲ್ಲು. ಗಾತ್ರ ಮರಳಿನ ಕಣದಷ್ಟಿರಬಹುದು, ಎರಡು ಮೂರು ಸೆಂಟಿಮೀಟರೂ ಇರಬಹುದು; ಸಂಖ್ಯೆ ಒಂದೇ ಇರಬಹುದು, ನೂರಾರೂ ಇರಬಹುದು. ಗಂಡಸರಿಗಿಂತ ಹೆಂಗಸರಲ್ಲಿ, ನಲವತ್ತು ದಾಟಿದವರಲ್ಲಿ, ಮೈತೂಕ ಹೆಚ್ಚಿರುವವರಲ್ಲಿ ಇದು ಹೆಚ್ಚು. ಕಲ್ಲು ಕಟ್ಟದಂತೆ ತಡೆಯುವಲ್ಲಿ ಊಟ ಮತ್ತು ದಿನಚರಿಯ ಕೈ ದೊಡ್ಡದು. ಕಟ್ಟಿದ ಮೇಲೆ ಅದನ್ನು ಕರಗಿಸುವ ಶಕ್ತಿ ಯಾವ ಆಹಾರಕ್ಕೂ ಇಲ್ಲ. ಈ ಎರಡು ಮಾತುಗಳನ್ನು ಬೆರೆಸಿಬಿಡುವುದರಿಂದಲೇ ಈ ರೋಗದ ಸುತ್ತ ಇಷ್ಟೊಂದು ತಪ್ಪು ಸಲಹೆಗಳು ಓಡಾಡುತ್ತಿವೆ.

ಕಲ್ಲು ಕಟ್ಟುವ ಬಗೆ

ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ತಯಾರಿಸುತ್ತದೆ. ಊಟವಿಲ್ಲದ ಹೊತ್ತಿನಲ್ಲಿ ಅದರ ಒಂದು ಪಾಲು ಯಕೃತ್ತಿನ ಅಡಿಯಲ್ಲಿರುವ ಪಿತ್ತಕೋಶಕ್ಕೆ ಹೋಗಿ ನಿಲ್ಲುತ್ತದೆ. ಈ ಚೀಲ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಅದರ ಗೋಡೆ ನೀರನ್ನು ಹೀರಿಕೊಂಡು ರಸವನ್ನು ಗಾಢಗೊಳಿಸುತ್ತದೆ. ಜಿಡ್ಡಿರುವ ಆಹಾರ ಸಣ್ಣ ಕರುಳಿಗೆ ಇಳಿದಾಗ ಅಲ್ಲಿಂದ ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. 1928ರಲ್ಲಿ ಐವಿ ಮತ್ತು ಓಲ್ಡ್‌ಬರ್ಗ್ ಗುರುತಿಸಿದ ಈ ಹಾರ್ಮೋನಿನ ಪ್ರಭಾವದಿಂದ ಪಿತ್ತಕೋಶ ಮುದುಡಿ ತನ್ನಲ್ಲಿರುವುದನ್ನು ಕರುಳಿಗೆ ಸುರಿಯುತ್ತದೆ.

ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವ ವಸ್ತುವಲ್ಲ. ಪಿತ್ತರಸದಲ್ಲಿ ಅದನ್ನು ಕರಗಿದ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಪಿತ್ತಲವಣಗಳು ಮತ್ತು ಲೆಸಿಥಿನ್. ಈ ಮೂರರ ಪ್ರಮಾಣ ತಪ್ಪಿದರೆ ಹರಳು ಬೀಳುತ್ತದೆ ಎಂಬುದನ್ನು ಅಡ್ಮಿರಾಂಡ್ ಮತ್ತು ಸ್ಮಾಲ್ 1968ರಲ್ಲಿ ತೋರಿಸಿದರು. ಸಕ್ಕರೆ ಹೆಚ್ಚಾದ ಪಾಕವನ್ನು ಕದಡದೆ ಬಿಟ್ಟರೆ ತಳದಲ್ಲಿ ಹರಳು ಕಟ್ಟುವ ಹಾಗೆ, ಕೊಲೆಸ್ಟ್ರಾಲ್ ತುಂಬಿದ ರಸ ಪಿತ್ತಕೋಶದಲ್ಲಿ ಬಹಳ ಹೊತ್ತು ಅಲುಗದೆ ನಿಂತರೆ ಮೊದಲು ಮಂದವಾದ ಕೆಸರಾಗಿ, ಆಮೇಲೆ ಕಲ್ಲಾಗುತ್ತದೆ. ಹಾಗಾಗಿ ತಡೆಯುವ ದಾರಿಗಳೂ ಎರಡೇ: ರಸದಲ್ಲಿ ಕೊಲೆಸ್ಟ್ರಾಲ್ ಮಿತಿಮೀರದಂತೆ ನೋಡಿಕೊಳ್ಳುವುದು, ಚೀಲ ಆಗಾಗ ಖಾಲಿಯಾಗುವಂತೆ ನೋಡಿಕೊಳ್ಳುವುದು. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದು ಹೆಚ್ಚಿನ ಪಥ್ಯದ ಪಟ್ಟಿಗಳಲ್ಲಿ ಕಾಣುವುದೇ ಇಲ್ಲ.

ಎಲ್ಲ ಕಲ್ಲೂ ಕೊಲೆಸ್ಟ್ರಾಲಿನದಲ್ಲ. ರಕ್ತಕಣಗಳು ಅತಿಯಾಗಿ ಒಡೆಯುವ ಕಾಯಿಲೆಗಳಲ್ಲಿ, ಯಕೃತ್ತು ಗಡುಸಾಗುವ ಸಿರೋಸಿಸ್‌ನಲ್ಲಿ ಬಿಲಿರುಬಿನ್ ಎಂಬ ವರ್ಣದ್ರವ್ಯ ಸೇರಿ ಕಪ್ಪು ಕಲ್ಲಾಗುತ್ತದೆ. ಪಿತ್ತನಾಳದಲ್ಲಿ ಸೋಂಕು ನಿಂತರೆ ಕಂದು ಕಲ್ಲು. ಕರ್ನಾಟಕದ ಜೇನುಕುರುಬ, ಸೋಲಿಗ ಮೊದಲಾದ ಆದಿವಾಸಿ ಸಮುದಾಯಗಳಲ್ಲಿ ರಕ್ತಕಣ ಒಡೆಯುವ ಇಂಥ ಕಾಯಿಲೆಯಾದ ಕುಡುಗೋಲು ಕಣ ರಕ್ತಹೀನತೆ ಇದೆ. ಈ ರೋಗವಿರುವವರಲ್ಲಿ ಮಕ್ಕಳಿಗೂ ಕಪ್ಪು ಕಲ್ಲು ಕಾಣಿಸಿಕೊಳ್ಳಬಹುದು. ಅಂಥವರಿಗೆ ಎಣ್ಣೆ ಬಿಡಿ, ತೂಕ ಇಳಿಸಿ ಎಂದು ಹೇಳಿ ಪ್ರಯೋಜನವಿಲ್ಲ. ಈ ಲೇಖನದ ಆಹಾರ ವಿಚಾರವೆಲ್ಲ ಮುಖ್ಯವಾಗಿ ಕೊಲೆಸ್ಟ್ರಾಲ್ ಕಲ್ಲಿಗೆ ಸಂಬಂಧಿಸಿದ್ದು.

ಭಾರತದೊಳಗೇ ದೊಡ್ಡ ವ್ಯತ್ಯಾಸವಿದೆ. ರೈಲ್ವೆ ನೌಕರರನ್ನು ಕುರಿತು ಮಲ್ಹೋತ್ರಾ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ರೋಗ ದಕ್ಷಿಣದವರಿಗಿಂತ ಉತ್ತರದವರಲ್ಲಿ ಸುಮಾರು ಏಳು ಪಟ್ಟು ಹೆಚ್ಚಿತ್ತು. ಉತ್ತರದಲ್ಲಿ ಕೊಲೆಸ್ಟ್ರಾಲ್ ಕಲ್ಲುಗಳದೇ ಮೇಲುಗೈ; ದಕ್ಷಿಣದಲ್ಲಿ ವರ್ಣದ್ರವ್ಯದ ಮತ್ತು ಮಿಶ್ರ ಕಲ್ಲುಗಳ ಪಾಲು ಹೆಚ್ಚು.

ಬದಲಿಸಲಾಗದ ಕಾರಣಗಳು

ಅಮೆರಿಕದ ಅರಿಜೋನಾದ ಪಿಮಾ ಮೂಲನಿವಾಸಿಗಳಲ್ಲಿ ಇಪ್ಪತ್ತೈದು ದಾಟಿದ ಹೆಂಗಸರಲ್ಲಿ ಶೇಕಡ 70ರಷ್ಟು ಮಂದಿಗೆ ಕಲ್ಲಿದ್ದುದು 1970ರಲ್ಲಿ ಬೆಳಕಿಗೆ ಬಂತು. ವಂಶದ ಪಾಲಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ಆದರೂ ಸ್ವೀಡನ್ನಿನಲ್ಲಿ 43 ಸಾವಿರಕ್ಕೂ ಹೆಚ್ಚು ಅವಳಿ ಜೋಡಿಗಳ ಮಾಹಿತಿಯನ್ನು ಪರಿಶೀಲಿಸಿದಾಗ ವಂಶವಾಹಿಗಳ ಕೊಡುಗೆ ಕಾಲುಭಾಗದಷ್ಟೆಂದು ತಿಳಿಯಿತು. ಉಳಿದದ್ದೆಲ್ಲ ಬದುಕುವ ರೀತಿಗೆ, ಪರಿಸರಕ್ಕೆ ಸೇರಿದ್ದು.

ಗರ್ಭಿಣಿಯರಲ್ಲಿ ಈಸ್ಟ್ರೋಜನ್ ಪಿತ್ತರಸದ ಕೊಲೆಸ್ಟ್ರಾಲನ್ನು ಏರಿಸುತ್ತದೆ, ಪ್ರೊಜೆಸ್ಟರಾನ್ ಪಿತ್ತಕೋಶವನ್ನು ಸೋಮಾರಿಯಾಗಿಸುತ್ತದೆ. ಆಗ ಕಟ್ಟುವ ಕೆಸರು ಹೆರಿಗೆಯ ನಂತರ ಬಹುಪಾಲು ತಾನಾಗಿ ಹೋಗುತ್ತದೆ, ಕೆಲವರಲ್ಲಿ ಕಲ್ಲಾಗಿ ಉಳಿಯುತ್ತದೆ. ಬಾಣಂತಿಗೆ ಮೇಲ್ಹೊಟ್ಟೆ ನೋವು ಮತ್ತೆ ಮತ್ತೆ ಬಂದರೆ ವಾಯು ಎಂದು ತಳ್ಳಿಹಾಕದೆ ಒಮ್ಮೆ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಸಕ್ಕರೆ ಕಾಯಿಲೆ, ಸಂತಾನ ನಿಯಂತ್ರಣದ ಹಾರ್ಮೋನು ಮಾತ್ರೆ, ಸಣ್ಣ ಕರುಳಿನ ಕೊನೆಯ ಭಾಗದ ಕ್ರೋನ್ಸ್ ಕಾಯಿಲೆ, ತಿಂಗಳುಗಟ್ಟಲೆ ರಕ್ತನಾಳದ ಮೂಲಕವೇ ಪೋಷಣೆ ಪಡೆಯುವುದು ಇವೂ ಕಾರಣಗಳೇ. ಇನ್ನೊಂದು ವಿಚಾರ ಹಲವರನ್ನು ದಾರಿ ತಪ್ಪಿಸುತ್ತದೆ: ರಕ್ತ ಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದೆ ಎಂಬುದಕ್ಕೂ ಪಿತ್ತಕೋಶದ ಕಲ್ಲಿಗೂ ನೇರ ನಂಟಿಲ್ಲ. ನಂಟು ಇರುವುದು ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಏರುವುದಕ್ಕೆ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿಯುವುದಕ್ಕೆ, ಸೊಂಟದ ಸುತ್ತ ಬೊಜ್ಜು ಬೆಳೆಯುವುದಕ್ಕೆ.

ತೂಕ, ಉಪವಾಸ, ಊಟದ ಹೊತ್ತು

ತೂಕ ಹೆಚ್ಚಿದ್ದರೆ ಯಕೃತ್ತು ಹೆಚ್ಚು ಕೊಲೆಸ್ಟ್ರಾಲನ್ನು ಪಿತ್ತರಸಕ್ಕೆ ಬಿಡುತ್ತದೆ. ಇಳಿಸುವುದು ಬೇಕೇ ಬೇಕು. ಆದರೆ ಅವಸರದಿಂದ ಇಳಿಸಿದರೆ ಅದೇ ಕಲ್ಲಿಗೆ ಕಾರಣವಾಗುತ್ತದೆ. ದೇಹದ ಕೊಬ್ಬು ವೇಗವಾಗಿ ಕರಗುವಾಗ ಅದರಲ್ಲಿದ್ದ ಕೊಲೆಸ್ಟ್ರಾಲ್ ಪಿತ್ತರಸಕ್ಕೆ ನುಗ್ಗುತ್ತದೆ, ಇತ್ತ ಊಟವೇ ಇಲ್ಲದ್ದರಿಂದ ಪಿತ್ತಕೋಶ ಮುದುಡುವುದಿಲ್ಲ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿದರೆ ಅಪಾಯ ಕಡಿದಾಗಿ ಏರುತ್ತದೆ. ಬೊಜ್ಜಿಗಾಗಿ ಜಠರದ ಬೈಪಾಸ್ ಮಾಡಿಸಿಕೊಂಡವರ ಮೇಲೆ ಅಮೆರಿಕದಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಸಿ ಮಾತ್ರೆ ಪಡೆದವರಲ್ಲಿ ಆರು ತಿಂಗಳೊಳಗೆ ಶೇಕಡ 32 ಮಂದಿಗೆ ಕಲ್ಲು ಕಟ್ಟಿತು. ಕೊಲೆಸ್ಟ್ರಾಲ್ ಕಲ್ಲನ್ನು ಕರಗಿಸುವ ಔಷಧವಾದ ಅರ್ಸೊಡಿಆಕ್ಸಿಕೋಲಿಕ್ ಆಮ್ಲವನ್ನು ದಿನಕ್ಕೆ 600 ಮಿಲಿಗ್ರಾಂ ಪಡೆದವರಲ್ಲಿ ಶೇಕಡ 2 ಮಂದಿಗೆ. ಈ ಶಸ್ತ್ರಚಿಕಿತ್ಸೆಯ ನಂತರ ಕೆಲವು ತಿಂಗಳು ಆ ಮಾತ್ರೆ ಬರೆದುಕೊಡುವ ರೂಢಿಗೆ ಇದೇ ಆಧಾರ. ಮನೆಯಲ್ಲೇ ತೂಕ ಇಳಿಸುವವರಿಗೆ ವಾರಕ್ಕೆ ಅರ್ಧದಿಂದ ಒಂದು ಕಿಲೋ ಸುರಕ್ಷಿತ ವೇಗ. ಇಳಿಸಿ, ಏರಿಸಿಕೊಂಡು, ಮತ್ತೆ ಇಳಿಸುವ ಆಟವೂ ಒಳ್ಳೆಯದಲ್ಲ.

ಇಲ್ಲಿಯೇ ಎಣ್ಣೆಯ ಪ್ರಶ್ನೆ ಬರುತ್ತದೆ. ಜಿಡ್ಡು ಕಂಡರೆ ಹೆದರಿ ಒಗ್ಗರಣೆಯನ್ನೂ ಬಿಟ್ಟವರಿಗೆ ಇದು ಅಚ್ಚರಿಯೆನಿಸಬಹುದು: ಜಿಡ್ಡು ಸ್ವಲ್ಪವೂ ಇಲ್ಲದ ಊಟ ಪಿತ್ತಕೋಶಕ್ಕೆ ಹಿತವಲ್ಲ. ಒಂದು ಊಟದಲ್ಲಿ 7ರಿಂದ 10 ಗ್ರಾಂ ಕೊಬ್ಬಾದರೂ ಇದ್ದರೆ ಚೀಲ ಚೆನ್ನಾಗಿ ಮುದುಡುತ್ತದೆ. ಎಂದರೆ ಎರಡು ಸಣ್ಣ ಚಮಚ ಎಣ್ಣೆ. ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ದಿನದ ತಟ್ಟೆಯಲ್ಲಿ 2,000 ಕಿಲೋಕ್ಯಾಲರಿ ಆಹಾರಕ್ಕೆ ಎಣ್ಣೆ ತುಪ್ಪ ಸೇರಿ 27 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಇದೆ. ಕಲ್ಲು ತಡೆಯುವವರಿಗೂ ಈ ಲೆಕ್ಕ ಒಪ್ಪುತ್ತದೆ. ಮೂರು ಹೊತ್ತಿಗೆ ಹಂಚಿದರೆ ಸರಿಯಾಗಿ ಆ ಎರಡು ಚಮಚಕ್ಕೇ ಬಂದು ನಿಲ್ಲುತ್ತದೆ.

ಊಟದ ನಡುವಿನ ಅಂತರವೂ ಅಷ್ಟೇ ಮುಖ್ಯ. ರಾತ್ರಿಯ ಊಟಕ್ಕೂ ಮರುದಿನದ ಮೊದಲ ತುತ್ತಿಗೂ ನಡುವೆ ಬಹಳ ಹೊತ್ತು ಖಾಲಿ ಬಿಡುವ ಹೆಂಗಸರಲ್ಲಿ ಕಲ್ಲು ಹೆಚ್ಚು ಎಂದು ಅಧ್ಯಯನಗಳು ಹೇಳಿವೆ. ಏಕಾದಶಿಗೊಮ್ಮೆ, ಶಿವರಾತ್ರಿಗೊಮ್ಮೆ ಮಾಡುವ ಉಪವಾಸಕ್ಕೆ ಹೆದರಬೇಕಿಲ್ಲ. ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನ ಏನೋ ಒಂದಿಷ್ಟು ತಿಂದು, ರಾತ್ರಿ ಹತ್ತರ ಮೇಲೆ ದೊಡ್ಡ ಊಟ ಹೊಡೆಯುವ ನಿತ್ಯದ ಪದ್ಧತಿಯೇ ತೊಂದರೆ.

ಏನು ತಿನ್ನಬೇಕು

ಪಾಲಿಶ್ ಮಾಡಿದ ಅಕ್ಕಿ, ಮೈದಾ, ಸಕ್ಕರೆ ಟ್ರೈಗ್ಲಿಸರೈಡನ್ನು ಏರಿಸುತ್ತವೆ, ಅಪಾಯವನ್ನೂ ಏರಿಸುತ್ತವೆ. ನಾರಿನಂಶ ಕರುಳಿನ ಚಲನೆಯನ್ನು ಚುರುಕಾಗಿಸಿ, ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿಸುವ ಡಿಆಕ್ಸಿಕೋಲಿಕ್ ಆಮ್ಲದ ಉತ್ಪತ್ತಿಯನ್ನು ತಗ್ಗಿಸುತ್ತದೆ. ರಾಗಿ, ಜೋಳ, ನವಣೆ, ಸೊಪ್ಪು, ತರಕಾರಿ ಇರುವ ನಮ್ಮ ಹಳೆಯ ಊಟ ಈ ದೃಷ್ಟಿಯಿಂದ ಚೆನ್ನಾಗಿದೆ. ಸಸ್ಯಾಹಾರಿ ಎಂದ ಮಾತ್ರಕ್ಕೆ ರಕ್ಷಣೆ ಸಿಕ್ಕಿತೆಂದಲ್ಲ. ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನದಲ್ಲಿ ಅಂಥ ರಕ್ಷಣೆ ಕಾಣಲಿಲ್ಲ. ಮೊಟ್ಟೆಯ ಹಳದಿಯನ್ನು ಬಿಟ್ಟರೆ ಕಲ್ಲು ಬರದು ಎನ್ನಲೂ ಗಟ್ಟಿ ಆಧಾರವಿಲ್ಲ. ಬೇಳೆಕಾಳಿನ ವಿಚಾರ ಇನ್ನೂ ಗೋಜಲು. ಚಿಲಿ ದೇಶದ ಯುವಕರಿಗೆ ಕಾಳನ್ನು ಧಾರಾಳವಾಗಿ ತಿನ್ನಿಸಿದಾಗ ಪಿತ್ತರಸದ ಕೊಲೆಸ್ಟ್ರಾಲ್ ಏರಿದ್ದನ್ನು 1989ರಲ್ಲಿ ವರದಿ ಮಾಡಿದರು. ಸಸ್ಯಮೂಲದ ಪ್ರೋಟೀನು ಹೆಚ್ಚು ತಿನ್ನುವ ಅಮೆರಿಕದ ಹೆಂಗಸರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಕಡಿಮೆ ಎಂಬ ಫಲಿತಾಂಶವೂ ಇದೆ. ಸಾರು ಹುಳಿಗೆ ಹಾಕುವ ಬೇಳೆಯನ್ನು ಇದಕ್ಕಾಗಿ ಬಿಡಬೇಕಿಲ್ಲ.

ಅಮೆರಿಕದ ದಾದಿಯರ ದೀರ್ಘಕಾಲದ ಅಧ್ಯಯನದಲ್ಲಿ, ವಾರಕ್ಕೆ ಐದು ಬಾರಿಯಾದರೂ ಒಂದು ಹಿಡಿ ಬಾದಾಮಿ, ಕಡಲೆಕಾಯಿಯಂಥವನ್ನು ತಿನ್ನುವವರಲ್ಲಿ ಪಿತ್ತಕೋಶ ತೆಗೆಸಿಕೊಳ್ಳುವ ಸಂಭವ ಶೇಕಡ 25ರಷ್ಟು ಕಡಿಮೆಯಿತ್ತು. ಗಂಡಸರನ್ನು ಕುರಿತ 1999ರ ಇನ್ನೊಂದು ಅಧ್ಯಯನದಲ್ಲಿ ದಿನಕ್ಕೆ ಎರಡು ಮೂರು ಕಪ್ ಕಾಫಿ ಕುಡಿಯುವವರಲ್ಲಿ ನೋವು ಕೊಡುವ ಕಲ್ಲು ಶೇಕಡ 40ರಷ್ಟು ಕಡಿಮೆ ಕಂಡಿತು; ಕೆಫೀನ್ ತೆಗೆದ ಕಾಫಿಗೆ ಆ ಗುಣವಿರಲಿಲ್ಲ. ಚಿಕ್ಕಮಗಳೂರು, ಕೊಡಗಿನವರಿಗೆ ಸಂತೋಷ ತರುವ ಸುದ್ದಿಯಾದರೂ ಇವೆಲ್ಲ ಜನರನ್ನು ಗಮನಿಸಿ ಕಂಡುಕೊಂಡ ನಂಟುಗಳೇ ಹೊರತು ಚಿಕಿತ್ಸೆಯ ಪ್ರಯೋಗಗಳಲ್ಲ. ಕಾಫಿ ಪಿತ್ತಕೋಶವನ್ನು ಮುದುಡಿಸುತ್ತದೆ. ಆಗಲೇ ಕಲ್ಲಿರುವವರಿಗೆ ಅದರಿಂದಲೇ ನೋವು ಬರಬಹುದು. ಹೆಚ್ಚು ನೆಚ್ಚಬಹುದಾದದ್ದು ನಡಿಗೆ, ಓಟ, ಸೈಕಲ್. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಇಂಥ ವ್ಯಾಯಾಮ ಮಾಡಿದರೆ ಗಂಡಸರಲ್ಲಿ ನೋವಿನ ಪ್ರಕರಣಗಳ ಮೂರನೇ ಒಂದು ಭಾಗವನ್ನು ತಪ್ಪಿಸಬಹುದೆಂದು 1998ರಲ್ಲಿ ಅಂದಾಜು ಮಾಡಲಾಯಿತು.

ಕಲ್ಲು ಇದ್ದವರು

ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡುಬಂದು ಗಾಬರಿಯಾಗುವವರೇ ಹೆಚ್ಚು. ಮಿಷಿಗನ್ ವಿಶ್ವವಿದ್ಯಾಲಯದ ಅಧ್ಯಾಪಕರಲ್ಲಿ ಹೀಗೆ ಸದ್ದಿಲ್ಲದ ಕಲ್ಲಿದ್ದ 123 ಮಂದಿಯನ್ನು ಹಿಂಬಾಲಿಸಿದಾಗ, 15 ವರ್ಷಗಳಲ್ಲಿ ನೋವು ಬಂದದ್ದು ಶೇಕಡ 18 ಮಂದಿಗೆ. ಆದ್ದರಿಂದ ತೊಂದರೆ ಕೊಡದ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ. ಮೇಲೆ ಹೇಳಿದ ಊಟದ ಕ್ರಮವೇ ಸಾಕು.

ನೋವು ಶುರುವಾದರೆ ಲೆಕ್ಕ ಬೇರೆ. ಎದೆಗೂಡಿನ ಕೆಳಗೆ ನಡುವಿನಲ್ಲೋ ಬಲಕ್ಕೋ ಹಿಡಿದು, ಬಲ ಭುಜದ ಹಲಗೆಗೆ ಹಬ್ಬಿ, ಅರ್ಧ ಗಂಟೆಯಿಂದ ಕೆಲವು ಗಂಟೆ ಕಾಡುವ ನೋವು ಇದು. ಮದುವೆ ಮನೆಯ ಊಟವಾದ ರಾತ್ರಿ ಬರುವುದು ಹೆಚ್ಚು. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ವರ್ಷಗಟ್ಟಲೆ ತಳ್ಳುವವರಿದ್ದಾರೆ. ಇಂಥ ನೋವು ಬರುವವರು ಬೋಂಡ, ಬಜ್ಜಿ, ಪೂರಿ, ತುಪ್ಪ ಸುರಿಯುವ ಮೈಸೂರು ಪಾಕ್, ಬೆಣ್ಣೆ ದೋಸೆ, ಎಣ್ಣೆ ತೇಲುವ ಬಿರಿಯಾನಿಗಳಿಂದ ದೂರವಿದ್ದು, ಸ್ವಲ್ಪ ಸ್ವಲ್ಪವಾಗಿ ಹೊತ್ತಿಗೆ ಸರಿಯಾಗಿ ಉಂಡರೆ ನೋವಿನ ಸರದಿ ಕಡಿಮೆಯಾಗಬಹುದು. ಅದು ಶಸ್ತ್ರಚಿಕಿತ್ಸೆಯವರೆಗಿನ ತಾತ್ಕಾಲಿಕ ಏರ್ಪಾಡು ಮಾತ್ರ. ನೋವಿನ ಜೊತೆ ಜ್ವರ, ಚಳಿ, ಕಣ್ಣು ಹಳದಿಯಾಗುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ನಿಲ್ಲದ ವಾಂತಿ ಇದ್ದರೆ, ಅಥವಾ ನೋವು ಐದಾರು ಗಂಟೆಯಾದರೂ ಇಳಿಯದಿದ್ದರೆ ಪಥ್ಯದ ಮಾತು ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪಿತ್ತಕೋಶದ ಉರಿಯೂತ, ಪಿತ್ತನಾಳದ ಸೋಂಕು, ಮೇದೋಜೀರಕ ಗ್ರಂಥಿಯ ಉರಿಯೂತ ಇವು ಜೀವಕ್ಕೆ ಅಪಾಯ ತರಬಲ್ಲವು.

ಕರಗಿಸುವ ಮದ್ದುಗಳು

ಬಾಳೆದಿಂಡಿನ ರಸ, ಹುರುಳಿ ಕಟ್ಟು ಕುಡಿಯಿರಿ ಎಂಬ ಸಲಹೆ ನಮ್ಮಲ್ಲಿ ಮೂತ್ರಪಿಂಡದ ಕಲ್ಲಿನಿಂದ ಇಲ್ಲಿಗೆ ದಾಟಿ ಬಂದದ್ದು. ಆ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟಿನದು, ಇರುವ ಜಾಗವೂ ಬೇರೆ. ಹೆಚ್ಚು ನೀರು ಕುಡಿದು ಹೊರಹಾಕುವ ಉಪಾಯ ಪಿತ್ತಕೋಶಕ್ಕೆ ತಾಗುವುದೇ ಇಲ್ಲ. ಆಲಿವ್ ಎಣ್ಣೆ, ನಿಂಬೆರಸ, ಸೇಬಿನ ರಸ ಕುಡಿದು ಮರುದಿನ ಹಸಿರು ಉಂಡೆಗಳನ್ನು ವಿಸರ್ಜಿಸುವ 'ಲಿವರ್ ಕ್ಲೀನ್ಸ್' ಇನ್ನೊಂದು. ನ್ಯೂಜಿಲೆಂಡಿನ ವೈದ್ಯರು ಅಂಥ ಉಂಡೆಗಳನ್ನು ಪರೀಕ್ಷಿಸಿ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಅವು ಕಲ್ಲಲ್ಲ, ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಾಗಿ ಉಂಡೆಕಟ್ಟಿದ್ದು. ಅಷ್ಟು ಎಣ್ಣೆಯನ್ನು ಒಮ್ಮೆಗೇ ಕುಡಿದರೆ ಪಿತ್ತಕೋಶ ಬಲವಾಗಿ ಮುದುಡಿ ನಿಜವಾದ ಕಲ್ಲು ನಾಳಕ್ಕೆ ಸಿಕ್ಕಿಕೊಳ್ಳುವ ಭಯವೂ ಇದೆ. ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಸಣ್ಣ ಕೊಲೆಸ್ಟ್ರಾಲ್ ಕಲ್ಲನ್ನು ಕರಗಿಸಬಲ್ಲದು. ಆದರೆ ಆರು ತಿಂಗಳಿಂದ ಎರಡು ವರ್ಷ ನುಂಗಬೇಕು, ನಿಲ್ಲಿಸಿದ ಐದು ವರ್ಷಗಳಲ್ಲಿ ಅರ್ಧದಷ್ಟು ಮಂದಿಗೆ ಕಲ್ಲು ಮರುಕಳಿಸುತ್ತದೆ.

ಪಿತ್ತಕೋಶ ತೆಗೆದ ಮೇಲೆ

ಪಿತ್ತಕೋಶವನ್ನು ಮೊದಲ ಬಾರಿ ತೆಗೆದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್, 1882ರಲ್ಲಿ. ಲ್ಯಾಪರೊಸ್ಕೋಪಿಯಿಂದ ತೆಗೆದವರು ಜರ್ಮನಿಯವರೇ ಆದ ಎರಿಕ್ ಮ್ಯೂಹೆ, 1985ರಲ್ಲಿ. ಭಾರತದಲ್ಲಿ ಇದನ್ನು ಮೊದಲು ಮಾಡಿದವರು ಮುಂಬಯಿಯ ಟೆಹೆಮ್ಟನ್ ಉಡ್ವಾಡಿಯ, 1990ರಲ್ಲಿ. ಈಗ ಇದೇ ರೂಢಿಯ ಚಿಕಿತ್ಸೆ.

ಚೀಲ ಹೋದರೂ ಯಕೃತ್ತು ಪಿತ್ತರಸ ತಯಾರಿಸುತ್ತಲೇ ಇರುತ್ತದೆ. ಅದು ಸಂಗ್ರಹವಾಗದೆ ನೇರ ಕರುಳಿಗೆ ಜಿನುಗುತ್ತದೆ. ಮೊದಲ ಕೆಲವು ವಾರ ಹೆಚ್ಚು ಜಿಡ್ಡು ತಿಂದರೆ ಹೊಟ್ಟೆ ಉಬ್ಬರ, ಭೇದಿ ಆಗಬಹುದು. ಇಡ್ಲಿ, ಗಂಜಿ, ಮೆತ್ತನೆಯ ಅನ್ನ ತಿಳಿಸಾರಿನಿಂದ ಶುರುಮಾಡಿ, ಎಣ್ಣೆ ತುಪ್ಪವನ್ನು ನಿಧಾನವಾಗಿ ಸೇರಿಸಿಕೊಳ್ಳುತ್ತ ಹೋದರೆ ಹೆಚ್ಚಿನವರು ಮಾಮೂಲಿ ಊಟಕ್ಕೆ ಮರಳುತ್ತಾರೆ. ಜೀವಮಾನವಿಡೀ ಪಥ್ಯ ಬೇಕಿಲ್ಲ. ಭೇದಿ ತಿಂಗಳುಗಟ್ಟಲೆ ಮುಂದುವರಿದರೆ ಹೆಚ್ಚುವರಿ ಪಿತ್ತಾಮ್ಲವನ್ನು ಹಿಡಿದಿಡುವ ಕೊಲೆಸ್ಟಿರಮಿನ್ ಪುಡಿಯನ್ನು ವೈದ್ಯರು ಕೊಡುತ್ತಾರೆ.