ಓಲೆಕಟ್ಟುಗಳಲ್ಲಿ ಮೊದಲು ಉಳಿಸತಕ್ಕವು ಯಾವುವು?

ಹನ್ನೆರಡನೆಯ ಶತಮಾನದ ಶರಣರ ವಚನಗಳು ಇಂದಿನವರೆಗೆ ನಡೆದುಬಂದ ಬಗೆಯನ್ನು ವಿಚಾರಿಸಿದರೆ, ಅವು ತಾವಾಗಿಯೇ ಉಳಿದವುಗಳಲ್ಲವೆಂಬದು ಸದ್ಭಕ್ತರಿಗೆ ಮನವರಿಕೆಯಾಗುವದು. ಪ್ರೌಢದೇವರಾಯನ (1424-1446) ಕಾಲದಲ್ಲಿಯೂ ತರುವಾಯವೂ ವಿರಕ್ತರು ಅವುಗಳನ್ನು ಅರಸಿ ತಂದು ಸ್ಥಲಾನುಸಾರವಾಗಿ ಜೋಡಿಸಿದರು. ಶೂನ್ಯಸಂಪಾದನೆಯೊಂದೇ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರ ಕೈಯಲ್ಲಿ ನಾಲ್ಕು ರೂಪಗಳನ್ನು ತಾಳಿತು. ಜೋಡಿಸುವವರು ಆರಿಸಲೇಬೇಕು, ಆರಿಸುವವರು ಕೆಲವನ್ನು ಬಿಡಲೇಬೇಕು. ಪ್ರತಿಯಾದ ಗರಿ ಬದುಕಿತು, ಪ್ರತಿಯಾಗದ್ದು ಗೆದ್ದಲಿನ ಪಾಲಾಯಿತು.

ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು (1880-1964) ಮಠಮನೆಗಳನ್ನು ತಿರುಗಿ ಓಲೆಗರಿಗಳನ್ನು ಕೂಡಿಹಾಕಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನಾರಂಭಿಸಿದರು. ಕೈಯಲ್ಲಿದ್ದ ಹಣ ಕೊಂಚ, ಕಟ್ಟುಗಳು ಬಹಳ. ಎಲ್ಲವನ್ನೂ ಏಕಕಾಲದಲ್ಲಿ ಅಚ್ಚುಹಾಕುವದು ಯಾರಿಂದಲೂ ಆಗತಕ್ಕ ಮಾತಲ್ಲ.

ಈಗ ಅಚ್ಚಿನ ಮೊಳೆಯ ಸ್ಥಾನದಲ್ಲಿ ಡಿಜಿಟಲ್ ಛಾಯಾಪ್ರತಿ ಬಂದಿದೆಯಾದರೂ ಹಳೆಯ ಇಕ್ಕಟ್ಟು ತಪ್ಪಿಲ್ಲ. ಪ್ರಸಿದ್ಧ ಗ್ರಂಥವನ್ನೇ ಮೊದಲು ಎತ್ತಿಕೊಳ್ಳುವ ಆಶೆ ಸಹಜವಾದದ್ದು. ಕಾಣಿಕೆ ಕೊಡುವವರಿಗೂ ಅದೇ ಪ್ರಿಯ. ಆದರೆ ಅಚ್ಚಾಗಿ ಮನೆಮನೆಗೆ ಸೇರಿದ ಗ್ರಂಥಕ್ಕೆ ಅಳಿವಿನ ಭಯವೆಲ್ಲಿಯದು? ಅಚ್ಚಾಗದೆ ಒಂದೇ ಪ್ರತಿಯಾಗಿ ಉಳಿದ ಕಟ್ಟು ಇನ್ನೊಂದು ಮಳೆಗಾಲವನ್ನು ತಾಳಲಾರದು. ಪ್ರಸಿದ್ಧ ಗ್ರಂಥದ ಅತಿ ಹಳೆಯ ಪ್ರತಿಯ ಮಾತು ಮಾತ್ರ ಬೇರೆ. ಸಂಪಾದಕರು ತಿದ್ದಿದ ಪಾಠದ ಮೂಲರೂಪ ಅದರಲ್ಲಿಯೇ ಸಿಕ್ಕೀತು.

ಲೆಕ್ಕಪತ್ರಗಳೆಂದು ಮೂಲೆಗೊತ್ತಿದ ಕಡತಗಳಿಗೆ ಬಹುಕಡೆ ಅನ್ಯಾಯವಾಗಿದೆ. ಬಟ್ಟೆಗೆ ಹುಣಿಸೇಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಬಳಪದಿಂದ ಬರೆದ ಈ ಅಕ್ಷರಗಳು ಕೈ ತಾಗಿದರೂ ಅಳಿಸುವವು. ಓಲೆಯಲ್ಲಿ ಕಂಠದಿಂದ ಕೊರೆದ ಅಕ್ಷರವಾದರೆ ಕಾಡಿಗೆ ಮಾಸಿದರೂ ಮತ್ತೆ ಎಣ್ಣೆಗಾಡಿಗೆ ಸವರಿದರೆ ಕಾಣಿಸಿಕೊಳ್ಳುವದು. ಕಡತಕ್ಕೆ ಆ ಭಾಗ್ಯವಿಲ್ಲ. ದಾಸೋಹಕ್ಕೆ ಬಂದ ಧಾನ್ಯವೆಷ್ಟು, ಹೊಲವನ್ನು ಉತ್ತವರಾರು, ಬರದ ವರ್ಷ ಕಣಜ ತೆರೆದವರಾರು ಎಂಬ ಸಂಗತಿಗಳು ಪುರಾಣಗಳಲ್ಲಿ ದೊರೆಯಲಾರವು. 1916ರಲ್ಲಿ ಆರ್. ನರಸಿಂಹಾಚಾರ್ಯರಿಗೆ ಶೃಂಗೇರಿ ಮಠದಲ್ಲಿ ದೊರೆತದ್ದು ಶಾಸ್ತ್ರಗ್ರಂಥವಲ್ಲ, ಟೀಪುಸುಲ್ತಾನನ ಕಾಗದಗಳ ಕಟ್ಟು. 1791ರಲ್ಲಿ ಮರಾಠಾ ದಂಡು ಆ ಮಠವನ್ನು ಲೂಟಿಮಾಡಿದ ತರುವಾಯ ಸುಲ್ತಾನನು ನೆರವಿತ್ತ ವೃತ್ತಾಂತವು ಅದರಿಂದ ಹೊರಬಿದ್ದಿತು.

ಹೀಗಿರುವಲ್ಲಿ ಸರದಿಯನ್ನು ಗ್ರಂಥದ ಕೀರ್ತಿಯಿಂದ ಗೊತ್ತುಮಾಡದೆ, ಬೇರೆ ಪ್ರತಿ ಉಂಟೋ ಇಲ್ಲವೋ, ಗರಿಯ ಅವಸ್ಥೆ ಎಂತಹದು ಎಂಬುದರಿಂದ ಗೊತ್ತುಮಾಡುವದೇ ಯುಕ್ತ. ಅಂಟಿಕೊಂಡ ಗರಿಗಳನ್ನು ಮಾತ್ರ ಅವಸರದಿಂದ ಬಿಡಿಸಬಾರದು. ಬಲ್ಲವರ ಕೈ ದೊರೆಯುವವರೆಗೆ ಅವು ಕಾಯಲಿ. ಪ್ರತಿಕಾರನು ತನ್ನ ಹೆಸರನ್ನೂ ಸಂವತ್ಸರ, ಮಾಸ, ತಿಥಿಗಳನ್ನೂ ಸಾಮಾನ್ಯವಾಗಿ ಕಟ್ಟಿನ ಕಡೆಯ ಗರಿಯಲ್ಲಿ ಬರೆದಿಡುವನು. ಹೊರಮೈಯಲ್ಲಿರುವ ಆ ಗರಿಯೇ ಮೊದಲು ಮುರಿಯುವದು. ಆದುದರಿಂದ ಕಟ್ಟು ಬಿಚ್ಚಿದೊಡನೆ ಮೊದಲು ತೆಗೆಯತಕ್ಕ ಛಾಯೆ ಕಡೆಯ ಗರಿಯದು.